ಅಜ್ಜಿಯ ಕಣ್ಣಳತೆ

ಹಾಸಿಗೆ ಹಿಡಿದ ಅಜ್ಜಿಗೆ ತಲೆಯ ಹಿಂದಿನ ಕಿಟಕಿಯಾಚೆಯ ಬೀದಿ ಕಾಣಲೆಂದು ಮೊಮ್ಮಗ ಎದುರು ಗೋಡೆಗೆ ದೊಡ್ಡ ಕನ್ನಡಿ ಅಂಟಿಸಿದ. ಕನ್ನಡಿ ಕೂರಿಸುವುದೇ ಅವನ ಕಸುಬು. ಆದರೂ ಅಂಗಡಿಗಳಲ್ಲಿ ಮಾಡುವ ಹಾಗೆ, ನಿಂತವರ ಕಣ್ಣಳತೆಗೆ ಅಂಟಿಸಿಬಿಟ್ಟಿದ್ದ. ಗೋಂದು ಗಟ್ಟಿಯಾದ ಮೇಲೆ ಕೇಳಿದ:

“ಏನ್ ಕಾಣ್ಸುತ್ತಜ್ಜಿ?”

“ಸೂರು ಕಣೋ. ಎರಡು ವರ್ಷದಿಂದ ಒಂದೇ ಇತ್ತು, ಈಗ ಎರಡಾಯ್ತು!”

ಅವನಿಗೆ ಮೈಯೆಲ್ಲ ಉರಿದುಹೋಯಿತು. ಕಿತ್ತರೆ ಕನ್ನಡಿ ಚೂರುಚೂರು. ಗೋಡೆಗೆ ಗುದ್ದಲು ಎತ್ತಿದ ಕೈಯನ್ನು ಇಳಿಸಿ, ಹಿತ್ತಲಿಂದ ಇಟ್ಟಿಗೆ ಹೊತ್ತು ತಂದ. ಅಜ್ಜಿ ಮಲಗಿದ್ದಂತೆಯೇ ಮಂಚದ ಒಂದೊಂದೇ ಕಾಲೆತ್ತಿ ಅಡಿಗೆ ಇಟ್ಟಿಗೆ ಇಡುತ್ತಾ ಹೋದ.

“ಬೀಳಿಸ್ತೀಯೇನೋ, ಹಾಳಾದವ್ನೇ!” ಎಂದು ಕಿರುಚಿದವಳು ನಾಲ್ಕನೆಯ ಕಾಲು ಏರಿದಾಗ ಥಟ್ಟನೆ ಕನ್ನಡಿಯತ್ತ ಕಣ್ಣರಳಿಸಿದಳು.

“ಅಜ್ಜಿ?”

“ಅಯ್ಯೋ, ಎದುರುಮನೆ ದರ್ಜಿ ತಲೆ ಪೂರ್ತಿ ಬೋಳಾಗಿದ್ಯಲ್ಲೋ!”

ಮೊಮ್ಮಗ ನೆಲಕ್ಕೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ.