ಮೆಟ್ಟಿಲಿಗೆ ಪರವಾನಗಿ

"ಎಳ್ಕೊಳ್ಳೇ, ಹಿಂದಕ್ಕೆ ಎಳ್ಕೋ," ಎಂದು ಚಿಕ್ಕಪ್ಪ ಕೆಳಗಿನಿಂದ ಹೇಳುವಷ್ಟರಲ್ಲಿ ಇನ್ನೊಂದು ಮೆಟ್ಟಿಲು ಲಟಕ್ಕೆಂದು ಮುರಿದು, ಅವನ ಒಂದು ಕಾಲು ಮೊಣಕಾಲಿನವರೆಗೆ ಹಲಗೆಯೊಳಗೆ ಇಳಿಯಿತು. ಹೆಣದ ಪೆಟ್ಟಿಗೆ ಮುಂದಕ್ಕೆ ವಾಲಿತು. ಮೇಲಿನ ತುದಿ ಹಿಡಿದಿದ್ದ ಮಗಳು ಹಲ್ಲು ಕಚ್ಚಿ ಅಪ್ಪನನ್ನು ಮತ್ತೆ ಮಾಳಿಗೆಯ ನಡುಮನೆಗೆ ಎಳೆದುಕೊಂಡಳು. ಕೊಡೆ ಮರೆತು ವಾಪಸು ಬರುವವನ ಹಾಗೆ ಅಪ್ಪ ಬೆಳಗಿನಿಂದ ಮೂರನೆಯ ಸಲ ಮನೆಗೆ ಬಂದಿದ್ದ.

"ಬದುಕಿದ್ದಾಗ ಯಾರ ಮಾತೂ ಕೇಳಲಿಲ್ಲ. ಈಗ ಮನೆ ಬಿಡಲ್ಲ ಅಂತಾನೆ," ಚಿಕ್ಕಪ್ಪ ಕಾಲು ಬಿಡಿಸಿಕೊಳ್ಳುತ್ತ ಗೊಣಗಿದ. "ಒಂದು ಹಲಗೆ ಹೊಡೆಸಿದ್ರೆ ಗಂಟೇನು ಹೋಗ್ತಿತ್ತು?"

ಮಗಳು ಗಂಟಲು ಸರಿಮಾಡಿಕೊಂಡಳು. "ನಂಬರ್ ಬಿದ್ದ ಮನೆಗೆ ಮೊಳೆ ಹೊಡೆಯೋದು ಕಾನೂನಿಗೆ ಮೊಳೆ ಹೊಡೆದಂಗೆ, ತಿಳೀತಾ?"

ಮೂಗಿನಿಂದ ಬರುವ ಅಪ್ಪನ ದನಿ ಎಷ್ಟು ಸರಿಯಾಗಿ ಕೂತಿತೆಂದರೆ ಚಿಕ್ಕಪ್ಪ ಅನುಮಾನದಿಂದ ಪೆಟ್ಟಿಗೆಯ ಕಡೆ ನೋಡಿದ.

ಸ್ಮಶಾನದವರು ಸಂಜೆಗೆ ಗೇಟು ಹಾಕುತ್ತಾರೆ. ಇನ್ನುಳಿದದ್ದು ಕಿಟಕಿಯೊಂದೇ. ಆ ಬೀದಿಯ ಮನೆಗಳೆಲ್ಲ ಒಂದು ಕಾಲದಲ್ಲಿ ಹಡಗಿನ ಸರಕಿನ ಗೋದಾಮುಗಳು. ಮಾಳಿಗೆಗೆ ಬಾಗಿಲಿನಷ್ಟು ದೊಡ್ಡ ಕಿಟಕಿ, ಅದರ ಮೇಲೆ ಮೂಟೆ ಎತ್ತಲು ಹೊರಚಾಚಿದ ತೊಲೆ. ತೊಲೆ ಎಲ್ಲರ ಮನೆಗೂ ಇತ್ತು. ರಾಟೆ, ಹಗ್ಗ ಮಾತ್ರ ಇದ್ದದ್ದು ಎದುರುಮನೆ ಬಡಗಿಯ ಹತ್ತಿರ.

"ಅವನು ಬರಲ್ಲ," ಅಂದ ಚಿಕ್ಕಪ್ಪ. "ನಾನಾಗಿದ್ರೂ ಬರ್ತಿರಲಿಲ್ಲ."

*

ಅಪ್ಪ ನಗರ ಯೋಜನಾ ಕಚೇರಿಯಲ್ಲಿ ಬಣ್ಣ ಬಳಿಯುವವನು. ನೀರಿನಂಚಿನ ಬೀದಿಗಳಿಗೆ ಹೊಸ ರೂಪ ಕೊಡುತ್ತೇವೆಂದು ಕಚೇರಿ ಹೊರಟಾಗ, ಕೆಡವುವ ಮನೆಗಳಿಗೆ ಕೆಂಪು ನಂಬರ್ ಬರೆಯುವ ಕೆಲಸ ಅವನ ಪಾಲಿಗೆ ಬಂತು. ಮೊದಲನೆಯದನ್ನು ತನ್ನ ಬಾಗಿಲಿಗೇ ಬರೆದ. ಅಂಕಿಯ ಹೊಟ್ಟೆ ದುಂಡಗೆ, ಬಾಲ ಚೂಪಗೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ತಲೆ ಓರೆ ಮಾಡಿ ನೋಡಿ, "ಎರಡೇ ವರ್ಷ. ಎಲ್ಲರಿಗೂ ನೀರಿಗೆ ಮುಖ ಮಾಡಿದ ಹೊಸ ಮನೆ," ಅಂದ.

ಸಾಹೇಬರು ಬದಲಾದ ಹಾಗೆಲ್ಲ ನಕ್ಷೆ ಬದಲಾಯಿತು. ಮೊದಲು ಉದ್ಯಾನ ಅಂದರು, ಆಮೇಲೆ ಗೋಪುರ, ಕಡೆಗೆ ಗೋಪುರದ ನೆತ್ತಿಯ ಮೇಲೆ ಉದ್ಯಾನ. ಬೀದಿಯ ತುದಿಗೆ ನೀರು ಕಾಣದಂತೆ ತಗಡಿನ ಬೇಲಿ ಬಂತು. ಬೇಲಿಯ ಮೇಲೆ ಬೆಂಚಿನಲ್ಲಿ ಕೂತು ನಗುವವರ ಚಿತ್ರ ಬಂತು. ಬೆಂಚು ಬರಲಿಲ್ಲ. ಕೆಡವಲಿಲ್ಲ, ಕಟ್ಟಲಿಲ್ಲ, ನಂಬರ್ ಬಿದ್ದ ಮನೆಗೆ ರಿಪೇರಿಯ ಪರವಾನಗಿಯನ್ನೂ ಕೊಡಲಿಲ್ಲ. ಯೋಜನೆ ಅಲ್ಲ ಮಾರಾಯ ಇದು, ಬರೀ ಯೋಚನೆ, ಎಂದು ಬೀದಿ ಆಡಿಕೊಂಡಿತು. ಅಪ್ಪ ಮಾತ್ರ ನಿವೃತ್ತನಾದ ಮೇಲೂ ಡಬ್ಬಿ ಹಿಡಿದು, ಮಾಸಿದ ನಂಬರುಗಳಿಗೆ ತಾನಾಗಿ ಮತ್ತೆ ಕೆಂಪು ಬಳಿದು ಬರುತ್ತಿದ್ದ. ನಂಬರ್ ಅಳಿಸಿಹೋದರೆ ಪಾಪ, ಅವರಿಗೆ ಹೊಸ ಮನೆ ತಪ್ಪೀತು ಎಂದು.

ಅಂಥದ್ದರಲ್ಲಿ ಬಡಗಿ ತನ್ನ ತಾಯಿಗಾಗಿ ಸದ್ದಿಲ್ಲದೆ ಹೊಸ ಮೆಟ್ಟಿಲು ಮಾಡಿದ. ಅಪ್ಪ ಕಚೇರಿಗೆ ಹೋಗಿ ಹೇಳಿಬಂದ.

"ಅವನ ಒಳ್ಳೇದಕ್ಕೇ ಕಣೇ. ಮನೆ ಗಟ್ಟಿ ಇದೆ ಅಂತ ಕಂಡ್ರೆ ಯೋಜನೆಯಿಂದ್ಲೇ ಕೈಬಿಡ್ತಾರೆ."

ಕಚೇರಿಯವರು ಆವರೆಗೆ ಯಾವ ಕೆಲಸವನ್ನೂ ಅಷ್ಟು ಬೇಗ ಮಾಡಿರಲಿಲ್ಲ. ಮೆಟ್ಟಿಲನ್ನು ಬುಡಸಮೇತ ಕಿತ್ತು ಸಾಗಿಸಿದರು. ಬಡಗಿ ಏಣಿ ಹತ್ತಿ ಇಳಿಯತೊಡಗಿದ. ತಾಯಿಯ ಮಂಡಿಗೆ ಏಣಿ ಆಗದು. ಹಗ್ಗದಲ್ಲಿ ಇಳಿಸುತ್ತೇನೆಂದರೆ, "ನಾನೇನು ಮೂಟೆಯೇನೋ? ಮೆಟ್ಟಿಲು ಹಾಕು, ಇಳೀತೀನಿ," ಅಂದವಳು ಅಂದಿನಿಂದ ಮಾಳಿಗೆಯಲ್ಲೇ ಉಳಿದಳು.

*

ಮಗಳು ಬಂದು ಎದುರು ನಿಂತರೂ ಬಡಗಿ ಹಲಗೆಗೆ ಕೀಸುಳಿ ಹೊಡೆಯುವುದನ್ನು ನಿಲ್ಲಿಸಲಿಲ್ಲ.

"ಪರವಾನಗಿ ತಂದಿದೀಯಾ?"

"ಇಲ್ಲ."

"ನಂಬರ್ ಬಿದ್ದ ಮನೆ ತೊಲೆಗೆ ಭಾರ ಹಾಕೋದಂದ್ರೆ ಸುಮ್ನೆನಾ? ನಿಮ್ಮಪ್ಪನ್ನೇ ಒಂದು ಮಾತು ಕೇಳ್ಕೊಂಡು ಬಾ."

"ಕೇಳಿದೆ. ಉತ್ತರ ಕೊಡ್ತಿಲ್ಲ. ಅವರ ಕಚೇರಿ ಹಾಗೇ."

ಕೀಸುಳಿ ಅರ್ಧದಲ್ಲಿ ನಿಂತಿತು. ನಗು ಬಂದದ್ದಕ್ಕೆ ಬಡಗಿಗೆ ಇನ್ನಷ್ಟು ಸಿಟ್ಟು ಬಂದಂತಿತ್ತು.

"ಅವನು ಮಾಡಿದ್ದು ತಪ್ಪು ಅಣ್ಣ. ಅವನ ಮುಖಕ್ಕೇ ಹೇಳಿದ್ದೆ," ಅಂದಳು ಮಗಳು. "ಆದ್ರೆ ಸಂಜೆಯೊಳಗೆ ಮಣ್ಣು ಸೇರಲೇಬೇಕಲ್ಲ. ಇಳಿಸಿಕೊಡಿ. ಆಮೇಲೆ ಎಷ್ಟು ಬೇಕೋ ಅಷ್ಟು ಬೈಕೊಳ್ಳಿ."

"ಸತ್ತವನ್ನ ಬೈದ್ರೆ ಬಾಯಿ ನೋವು." ಅವನು ಗೋಡೆಯ ರಾಟೆ ತೆಗೆದು ದೂಳು ಊದಿದ. "ಇಷ್ಟು ವರ್ಷ ಕೂಡಿಟ್ಟ ಬೈಗುಳ. ಎಲ್ಲ ದಂಡ."

ಹಗ್ಗ ಹಿಡಿಯಲು ಬೀದಿಯವರು ಒಬ್ಬೊಬ್ಬರಾಗಿ, ಬೇರೇನೋ ಕೆಲಸಕ್ಕೆ ಬಂದವರಂತೆ ಬಂದರು. ಪೆಟ್ಟಿಗೆ ಕಿಟಕಿ ದಾಟಿ ಗಾಳಿಗೆ ಬಂತು. "ಎಲ್ಲರೂ ಸತ್ತು ಮೇಲೆ ಹೋಗ್ತಾರೆ, ಇವನೊಬ್ಬ ಕೆಳಗೆ ಬರ್ತಿದಾನೆ," ಎಂದು ದರ್ಜಿ ಅಂದ. ಯಾರೋ ಕಿಸಕ್ಕೆಂದರು, ಹಗ್ಗ ಜಗ್ಗಿತು, ಬಡಗಿ ಗದರಿದ. ಪೆಟ್ಟಿಗೆ ಒಂದು ಸುತ್ತು ತಿರುಗಿ ಮೆಲ್ಲಗೆ ನೆಲ ಮುಟ್ಟಿತು.

"ಏ, ಆ ಹಗ್ಗ ಇಲ್ಲಿಗೆ ತಗೊಂಬಾ."

ಎಲ್ಲರೂ ತಲೆಯೆತ್ತಿದರು. ಎದುರು ಕಿಟಕಿಯಲ್ಲಿ ಬಡಗಿಯ ತಾಯಿ ಆಗಲೇ ಕುರ್ಚಿ ಎಳೆದು ತಂದಿದ್ದಳು.

"ಈಗೇನಮ್ಮ? ಹೊತ್ತಾಗ್ತಿದೆ ಅವರಿಗೆ."

"ಅವನಿಗೆ ಎರಡು ಮಾತು ಹೇಳೋದಿದೆ. ಇಲ್ಲಿಂದ ಕೂಗಿದ್ರೆ ಊರಿಗೆಲ್ಲ ಕೇಳುತ್ತೆ."

"ಮೂಟೆ ಅಲ್ಲ ಅಂತಿದ್ದೆ?"

"ಹೆಣಕ್ಕಿಲ್ಲದ ನಾಚಿಕೆ ನನಗ್ಯಾಕೋ? ಕಟ್ಟು."

ಚಿಕ್ಕಪ್ಪ ಗಡಿಯಾರ ತೋರಿಸಿ ಮಗಳ ಕಿವಿಯಲ್ಲಿ ಪಿಸುಗುಟ್ಟಿದ, "ಗೇಟು ಹಾಕಿಬಿಟ್ರೆ ನಾಳೆವರೆಗೆ ಇವನ್ನ ಎಲ್ಲಿಡ್ತೀಯ?"

ಮಗಳು ಪೆಟ್ಟಿಗೆ ನೋಡಿದಳು, ಕಿಟಕಿ ನೋಡಿದಳು.

"ಇಳಿಸಿ. ಅಪ್ಪ ಕಾಯ್ತಾನೆ. ಕಾಯೋದು ಅವನಿಗೆ ಅಭ್ಯಾಸ."

ಬಡಗಿ ಏಣಿ ಹತ್ತಿ ಕುರ್ಚಿಯನ್ನು ಬಿಗಿದ, ತಾಯಿಯನ್ನು ಬಿಗಿದ, ಗಂಟನ್ನು ಮತ್ತೆ ಮತ್ತೆ ಎಳೆದು ನೋಡಿದ. ಕೆಳಗೆ ಹಗ್ಗದ ಮೊದಲ ಹಿಡಿ ಮಗಳದು. ಅವಳ ಅಂಗೈ ಉರಿಯಿತು. ಕುರ್ಚಿ ತೂಗಾಡುತ್ತ ಕಿಟಕಿಯಿಂದ ಹೊರಬಂತು. ಮುದುಕಿ ಎರಡೂ ಕೈಗಳಲ್ಲಿ ಹಗ್ಗ ಹಿಡಿದು ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. ಸೀರೆಯಂಚಿನ ಕೆಳಗೆ ಅವಳ ಬರಿಗಾಲುಗಳು ಮಾತ್ರ ಸುಮ್ಮನಿರದೆ, ಮೊದಲು ಬಲಗಾಲು, ಆಮೇಲೆ ಎಡಗಾಲು, ಗಾಳಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದವು.