ಹತ್ತು ಲಕ್ಷ ಆನೆಗಳ ರಾಜ್ಯಕ್ಕೆ ಎಡೆ

“ಬೇವರ್ಸಿ ಮುಂಡೆ, ಯಾರಿಗೆ ಮಾಟ ಮಾಡ್ಸಿದೀಯೇ? ಫಸ್ಟು ಅದನ್ನ ಎತ್ತು ಅಲ್ಲಿಂದ.”

ಹರಿಪ್ರಸಾದ ಹೊಸ್ತಿಲ ಒಳಗೇ ನಿಂತು, ಹೊರಗಿದ್ದ ನನ್ನ ಮೇಲೆ ಕೂಗಾಡುತ್ತಿದ್ದ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕಾಲಿಗೆ ಬೂಟು. ಹಾಲೆಂಡಿನ ನೂರ್ಡ್‌ವೈಕಿನಲ್ಲಿ ಉಪಗ್ರಹದ ಕೆಲಸ ಮಾಡುವ ಗಂಡಸು, ಬಾಗಿಲ ಮುಂದಿನ ಬಾಳೆಲೆ ಪೊಟ್ಟಣಗಳನ್ನು ದಾಟಲು ಹೆದರಿದ್ದ. ಅವುಗಳಲ್ಲಿದ್ದದ್ದು ಹಿಡಿ ಹಿಡಿ ಅನ್ನ, ಎಲೆ ಅಡಿಕೆ, ಅಷ್ಟೇ.

ನಾನು ರೋಣದ ಕಡೆಯ ಪಾರ್ವತೆವ್ವ. ಅವನ ಹೆಂಡತಿ ಸರಳಾಳ ಬಾಣಂತನಕ್ಕೆಂದು ಮೂರು ತಿಂಗಳಿಗೆ ಮಾತಾಡಿ ಕರೆತಂದರು. ಆ ಕೂಸು ಈಗ ಓಡಾಡುತ್ತದೆ. ನಾನು ಬೇಯಿಸಿದ್ದನ್ನು ಉಣ್ಣುತ್ತಾರೆ, ದೇವರ ಗೂಡಿನ ಹತ್ತಿರ ಮಾತ್ರ ಬಿಡುವುದಿಲ್ಲ. ನನ್ನ ಪಾಸ್‌ಪೋರ್ಟು ಅವನ ಕಪಾಟಿನಲ್ಲಿದೆ. ಊರಲ್ಲಿ ನನ್ನ ಮಗಳಿಗೆ ದಿನ ತುಂಬಿದೆ. ಹೋಗುತ್ತೇನೆ ಅಂದಾಗಲೆಲ್ಲ, ಮುಂದಿನ ತಿಂಗಳು ನೋಡೋಣ ಅನ್ನುತ್ತಾನೆ.

ಪೊಟ್ಟಣ ಇಡುವುದು ಬುನ್ಮಿಯ ಕಡೆಯ ಪದ್ಧತಿ. ಬುನ್ಮಿ ಈ ಮನೆಯ ನೆಲ ಒರೆಸಲು ಬರುತ್ತಿದ್ದ ಲಾವೋಸಿನ ಮುದುಕಿ. ಇಬ್ಬರದೂ ಹರಕುಮುರುಕು ಡಚ್ಚು, ಉಳಿದದ್ದು ಕೈಸನ್ನೆ. ಅವಳ ನಾಡು ಲಾನ್ ಸಾಂಗ್, ಅಂದರೆ ಹತ್ತು ಲಕ್ಷ ಆನೆಗಳ ರಾಜ್ಯ. ಒಂದು ಕಾಲಕ್ಕೆ ಇದೇ ಡಚ್ಚರು ದೋಣಿಯೇರಿ ಹೋಗಿ ಅಲ್ಲಿಯ ರಾಜನ ಮುಂದೆ ಮಂಡಿಯೂರಿದ್ದರಂತೆ. “ಈಗ ಅವರ ಕಕ್ಕಸು ನಾನು ತಿಕ್ತೀನಿ” ಎಂದು ನಗುತ್ತಿದ್ದಳು. ಆ ರಾಜ, ಪರರ ಹೆಂಡತಿಯನ್ನು ಕೂಡಿದ ತಪ್ಪಿಗೆ ಮಗನನ್ನೇ ಕೊಲ್ಲಿಸಿದ. ರಾಜ ಸತ್ತ ಮೇಲೆ ಪಟ್ಟಕ್ಕೆ ಬಡಿದಾಡಿ ರಾಜ್ಯ ಮೂರು ಹೋಳಾಯಿತು. ಕೊನೆಗೆ ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ದಂಡು ಬಂದು ಊರಿಗೆ ಬೆಂಕಿಯಿಟ್ಟು, ಜನರನ್ನು ದನದ ಹಾಗೆ ನದಿಯಾಚೆ ಅಟ್ಟಿತು. ಯಾರ ಆಳು ಎಂದು ತಿಳಿಯಲು ಮಣಿಕಟ್ಟಿಗೆ ಹಚ್ಚೆ ಚುಚ್ಚಿದರು.

ಇಷ್ಟು ಹೇಳಿ ಬುನ್ಮಿ ನನ್ನ ಮಣಿಕಟ್ಟು ತಿರುಗಿಸಿ ನೋಡಿದ್ದಳು. ಅಂದಿನಿಂದ ಅಕ್ಕಿ ತೊಳೆಯುವಾಗಲೆಲ್ಲ ಬೆನ್ನ ಹಿಂದೆ ಬರಿಗಾಲುಗಳ ಸದ್ದು ಕೇಳುತ್ತದೆ.

ಹಾಗೆ ಅಟ್ಟಿದ ದಾರಿಯಲ್ಲಿ ಸತ್ತವರಿಗೆ ಎಡೆ ಇಡುವವರಿರಲಿಲ್ಲ. ಅದಕ್ಕೇ ಬುನ್ಮಿ ವರ್ಷಕ್ಕೊಮ್ಮೆ, ಅಮಾವಾಸ್ಯೆಯ ಬೆಳಗಾಗುವ ಮುಂಚೆ, ನೆಲದ ಮೇಲೆ ಪೊಟ್ಟಣ ಇಡುತ್ತಿದ್ದಳು. ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಸಾಯುವ ಮುಂಚೆ, ಮುಂದೆ ನಾನೇ ಇಡಬೇಕೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಇವತ್ತು ಆ ಅಮಾವಾಸ್ಯೆ. ಒಂದು ಪೊಟ್ಟಣ ಅವಳದೇ.

“ಕೇಳಿಸ್ತಿಲ್ವೇನೇ? ಎತ್ತು. ನಂಗೆ ಒಂಬತ್ತಕ್ಕೆ ಮೀಟಿಂಗ್ ಇದೆ.”

ಬಗ್ಗಿದೆ. ಕೈ ಎಲೆಗೆ ತಾಗಿತು. ಅವನ ಮುಖ ನೋಡಿದೆ, ಬೆವರು ಇಳಿಯುತ್ತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಅವನು ನನಗೆ ಹೆದರಿದ್ದ. ಹಿತ್ತಲ ಬಾಗಿಲಿಗೂ ನಾಲ್ಕು ಇಟ್ಟಿದ್ದು ನೆನಪಾಯಿತು. ಎದ್ದು ನಿಂತೆ.

“ಪಾಸ್‌ಪೋರ್ಟ್ ಕೊಡ್ರಿ ಸಾಹೇಬ್ರ. ಆಮ್ಯಾಲ ತೆಗಿತೀನಿ.”

“ಪೊಲೀಸ್ ಕರೀತೀನಿ, ಲೌಡಿ.”

“ಕರೀರಿ. ನನ್ನ ಪಾಸ್‌ಪೋರ್ಟ್ ಯಾರ ಕಪಾಟಿನ್ಯಾಗ ಐತಿ ಅಂತ ಅವರಿಗೂ ಹೇಳ್ತೀನಿ.”

ಒಳಗಿನಿಂದ ಸರಳಾ ಅಳುದನಿಯಲ್ಲಿ, ಕೊಟ್ಟುಬಿಡಿ, ಮನೆಯಲ್ಲಿ ಮಗು ಇದೆ ಅಂದಳು. ಕಪಾಟು ತೆರೆದ ಸದ್ದಾಯಿತು. ನೀಲಿ ಪುಸ್ತಕ ಪೊಟ್ಟಣಗಳ ಮೇಲಿನಿಂದ ಹಾರಿ ಬಂದು ನನ್ನ ಕಾಲ ಬಳಿ ಬಿತ್ತು. ಒರೆಸಿ ಕುಪ್ಪಸದೊಳಗೆ ಇಟ್ಟುಕೊಂಡೆ.

“ಈಗ ತೆಗಿ.”

“ಅವರದಿನ್ನೂ ಊಟ ಆಗಿಲ್ರಿ” ಅಂದೆ.

ಬಸ್ಸಿನ ಕಡೆ ನಡೆದೆ. ಹಿಂದಿನಿಂದ ಅವನ ಬೈಗುಳ ಬಹಳ ದೂರದವರೆಗೆ ಬಂತು, ಅವನು ಬರಲಿಲ್ಲ. ಬೈಗುಳ ನಿಂತ ಮೇಲೆ ಎಲೆ ಬಿಚ್ಚುವ ಸದ್ದು ಕೇಳಿಸಿತು, ಒಂದಲ್ಲ, ನೂರಾರು. ನಾನು ತಿರುಗಿ ನೋಡಲಿಲ್ಲ.