ಚಿತ್ತೆಯೋ ಸ್ವಾತಿಯೋ

ಶಿರಸಿಯ ಮೊಬೈಲ್ ಅಂಗಡಿಯಲ್ಲಿ ಎರಡು ಯಂತ್ರಗಳು ಅಕ್ಕಪಕ್ಕ ಕೂತಿದ್ದವು. ಒಂದು ಜೋಯಿಸ ವೆಂಕಟ್ರಮಣ ಭಟ್ಟರ ಲ್ಯಾಪ್‌ಟಾಪು; ಕೀಲು ಸಡಿಲಾಗಿ, ಬೆನ್ನಿಗೆ ಪಂಚಾಂಗದ ಕಟ್ಟು ಕೊಟ್ಟರೆ ಮಾತ್ರ ತಲೆ ಎತ್ತುತ್ತಿತ್ತು. ಜಾತಕ ತೋರಿಸಲು ಬಂದವರೆದುರೇ ಅದು ಆರಿಹೋದ ಮೇಲೆ ಮಗಳು ಸ್ಫೂರ್ತಿ ಅಪ್ಪನನ್ನು ಇಸಳೂರಿನಿಂದ ಸ್ಕೂಟಿಯಲ್ಲಿ ಕೂರಿಸಿ ತಂದಿದ್ದಳು. ಇನ್ನೊಂದು ಹೊಸ ಟ್ಯಾಬ್ಲೆಟ್ಟು.

“ಲ್ಯಾಪ್‌ಟಾಪಿನಾಗ ಮಾಡೋದೆಲ್ಲಾ ಇದ್ರಾಗೂ ಆಗತೈತ್ರಿ ಭಟ್ರ,” ಎಂದ ಅಂಗಡಿಯ ಪವನ್. “ನಿಮ್ಮ ಹಳೇ ಪ್ರೋಗ್ರಾಮ್ ಮಾತ್ರ ಓಡಂಗಿಲ್ಲ. ಮೊಬೈಲಿನಂಗ ಆ್ಯಪ್ ಹಾಕ್ಕೋಬೇಕು.”

“ಲೆಕ್ಕ ಸರಿ ಬರ್ತದಾ?”

“ಜಾತಕ ನಂಗೇನ್ ಗೊತ್ರೀ. ಬ್ಯಾಟರಿ ದಿನಪೂರ್ತಿ ಬರತೈತಿ.”

ಆ್ಯಪನ್ನು ಸ್ಫೂರ್ತಿಯೇ ಆರಿಸಿ ಹಾಕಿದಳು. ಪರೀಕ್ಷೆಗೆ ಬಾಯಿಪಾಠವಿದ್ದ ಜಾತಕ ಬೇಕು. ಭಟ್ಟರಿಗೆ ಈಚೆಗೆ ಬಾಯಿಪಾಠವಾಗಿದ್ದು ಮಗಳದು, ಮತ್ತು ಮದುವೆಯಾದರೆ ಇವನನ್ನೇ ಎಂದು ಅವಳು ಹಟ ಹಿಡಿದಿದ್ದ ಉಲ್ಲಾಸನದು. ಅವಳದು ಅನೂರಾಧಾ ನಕ್ಷತ್ರ, ಅವನದು ಚಿತ್ತೆ. ಇಬ್ಬರದೂ ಒಂದೇ ನಾಡಿ, ಏಕನಾಡಿ ದೋಷ, ಮದುವೆ ಕೂಡದು ಎಂದು ಲ್ಯಾಪ್‌ಟಾಪು ಹೇಳಿತ್ತು. ಅದನ್ನೇ ಭಟ್ಟರು ಇನ್ನಷ್ಟು ಗಟ್ಟಿಯಾಗಿ ಹೇಳಿದ್ದರು.

ಟ್ಯಾಬ್ಲೆಟ್ಟು ಉಲ್ಲಾಸನದು ಸ್ವಾತಿ ಎಂದಿತು. ನಾಡಿ ಬೇರೆ, ದೋಷವಿಲ್ಲ.

ಹುಡುಗ ಹುಟ್ಟಿದ್ದು ಚಂದ್ರ ಚಿತ್ತೆಯಿಂದ ಸ್ವಾತಿಗೆ ದಾಟುವ ಹೊತ್ತಿಗೆ, ನಿಜ. ಭಟ್ಟರು ಮತ್ತೆ ಒತ್ತಿದರು. ಗಾಜು ಬೆರಳನ್ನೇ ಗುರುತಿಸಲಿಲ್ಲ.

“ಕೈ ಬೆವರೈತ್ರಿ. ಒರೆಸ್ಕೊಳ್ರಿ.”

ಒರೆಸಿಕೊಂಡು ಒತ್ತಿದರೂ ಸ್ವಾತಿಯೇ. ಲ್ಯಾಪ್‌ಟಾಪು ಸರಿಯಾದರೆ ಇದನ್ನು ಕೊಂಡು ಮಾಡುವುದೇನು? ಇದು ಸರಿಯಾದರೆ, ಇಷ್ಟು ವರ್ಷ ತಾವು ಕೂಡಿಸಿದ ಸಂಬಂಧಗಳ ಗತಿ? ಮತ್ತಿಘಟ್ಟದಿಂದ ಯಲ್ಲಾಪುರದವರೆಗೆ ಅವು ಮಕ್ಕಳನ್ನು ಹೆತ್ತು, ಶಾಲೆಗೂ ಕಳಿಸುತ್ತಿದ್ದವು. ತಮ್ಮ ಜಾತಕವನ್ನೂ ಹೆಂಡತಿ ಗಂಗಾಳದನ್ನೂ ಹಾಕಿ ನೋಡಲು ಹೊರಟ ಭಟ್ಟರು ಕೈ ಹಿಂದಕ್ಕೆಳೆದುಕೊಂಡರು.

“ಎಂತ ಆತು ಅಪ್ಪಯ್ಯ?”

“ಎಂತದೂ ಇಲ್ಲೆ.”

ಸ್ಫೂರ್ತಿ ಇಣುಕಿದಳು, ಓದಿದಳು, ಗಾಜಿನ ಮೇಲಿನ ಬೆವರಿನ ಗುರುತನ್ನು ವೇಲಿನ ತುದಿಯಿಂದ ಒರೆಸಿದಳು. ಭಟ್ಟರಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಹಳೇದು ಎಕ್ಸ್‌ಚೇಂಜಿಗೆ ಕೊಡ್ತೀರೇನ್ರಿ?”

“ಬೇಡ, ಎರಡೂ ಇರಲಿ.”

“ಎರಡೂ ಇಟ್ಕಂಡ್ರೆ ಯಾವ್ದನ್ನ ನಂಬ್ತೆ?” ಮಗಳು ಮೆಲ್ಲಗೆ ಕೇಳಿದಳು.

ಭಟ್ಟರು ಪಂಚಾಂಗದ ಕಟ್ಟನ್ನು ಎಳೆದುಕೊಂಡರು. ಲ್ಯಾಪ್‌ಟಾಪಿನ ತಲೆ ದೊಪ್ಪನೆ ಹಿಂದಕ್ಕೆ ಬಿತ್ತು.

“ತಗೋ ಪವನ್. ಒಳಗೆ ಇದ್ದದ್ದೆಲ್ಲ ಅಳಿಸಿಬಿಡು. ಒಂದೂ ಉಳಿಯೂದು ಬೇಡ.”

ಆಮೇಲೆ ಮಗಳ ಮುಖ ನೋಡದೆ ಕೇಳಿದರು: “ಉಲ್ಲಾಸ ಈಗ ಊರಲ್ಲಿ ಇದ್ನಾ?”

“ಎದ್ರಿನ ಹೋಟ್ಲಲ್ಲೇ ಇದ್ದ,” ಎಂದಳು ಸ್ಫೂರ್ತಿ. “ಆಗಿಂದ ಚಾ ಕುಡೀತಾ ಇದ್ದ.”